ದೇವರಿಗೆ ಬಿಟ್ಟ ಪಿಕಪ್ಪು

ಮೊನ್ನೆ ಮೊನ್ನೆಯವರೆಗೂ ಕಟ್ಟೆಪಾಳ್ಯಕ್ಕೆ ಬಂದ ಹೊಸಬರು ಬೆಟ್ಟಸ್ವಾಮಿಯ ಮನೆ ಯಾವುದು ಅಂತ ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. “ಅಗೋ, ಅಲ್ಲಿ ಕೊಬ್ಬರಿ ಅಟ್ಟದ ಕೆಳಗೆ ಪಿಕಪ್ಪಿನ ಮೂತಿ ಕಾಣ್ತೈತಲ್ಲ, ಅದೇ” ಅನ್ನುತ್ತಿದ್ದರು. ಮನುಷ್ಯನಿಗಿಂತ ಗಾಡಿಯ ಹೆಸರೇ ಮುಂದೆ. ಬೆಟ್ಟಸ್ವಾಮಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಗಾಡಿ ಮನೆಗೆ ಬಂದ ದಿನದಿಂದಲೂ ಅವನು ‘ಗಾಡಿ ಬೆಟ್ಟಸ್ವಾಮಿ’ಯೇ.

ಆ ಅಟ್ಟ ನೊಣವಿನಕೆರೆ ಸುತ್ತಿನ ಎಲ್ಲ ತೋಟದ ಮನೆಗಳಲ್ಲೂ ಇರುವಂಥದ್ದು. ಮೇಲೆ ಅಡಿಕೆ ದಬ್ಬೆ ಹಾಸಿ, ಅದರ ಮೇಲೆ ಸಿಪ್ಪೆಯ ಸಮೇತ ತೆಂಗಿನಕಾಯಿ ರಾಶಿ ಹಾಕಿರುತ್ತಾರೆ. ವರ್ಷವಿಡೀ ಅದನ್ನು ಯಾರೂ ಕೆದಕುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪನ್ನು ಬಿಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಆಗ ಕೊಬ್ಬರಿ ಆಯಿತು ಅಂತ. ಆ ರಾಶಿಯ ಅಡಿಯಲ್ಲಿ, ಕೊಬ್ಬರಿಯ ಎಣ್ಣೆ ಜಿಡ್ಡಿನ ವಾಸನೆಯನ್ನೇ ಹೊದ್ದುಕೊಂಡು, ಬೆಟ್ಟಸ್ವಾಮಿಯ ಪಿಕಪ್ಪು ನಿಂತಿತ್ತು. ಬಿಳಿ ಬಣ್ಣ ಹಳದಿಗೆ ತಿರುಗಿತ್ತು. ಎಡಗಡೆ ಬಾಗಿಲಿಗೆ ಹಿಡಿ ಇರಲಿಲ್ಲ, ತೆಂಗಿನ ನಾರಿನ ಹಗ್ಗ ಇತ್ತು. ಹಿಂದಿನ ಮರದ ಬಾಡಿಯ ಮೇಲೆ ತಿಪಟೂರಿನ ಬಡಗಿಯೊಬ್ಬ ಹೂವು ಬಳ್ಳಿ ಕೆತ್ತಿದ್ದ. ಮೂಟೆ ಉಜ್ಜಿ ಉಜ್ಜಿ ಹೂವೆಲ್ಲ ಸವೆದು ಬಳ್ಳಿ ಮಾತ್ರ ಉಳಿದಿತ್ತು.

ಅದು ಓಡುತ್ತಿದ್ದ ದಿನಗಳನ್ನು ನೆನೆಸಿಕೊಂಡರೆ ಬೆಟ್ಟಸ್ವಾಮಿಯ ಮುಖ ಈಗಲೂ ಅಗಲವಾಗುತ್ತದೆ. ತಿಪಟೂರಿನಲ್ಲಿ ಕೊಬ್ಬರಿ ಹರಾಜಿನ ದಿನ ಬಂತೆಂದರೆ ಬೆಳಗಿನ ಕಾಫಿಗೂ ಮುಂಚೆ ಗಾಡಿ ತುಂಬಿರಬೇಕು. ಮೂಟೆಗಳ ಮೇಲೆ ಬೋರಯ್ಯ. ಬೋರಯ್ಯ ಅಂದರೆ ಬೆಟ್ಟಸ್ವಾಮಿಯ ಜೊತೆ ಒಂದೇ ಸ್ಲೇಟು ಹಿಡಿದು, ಒಂದೇ ದಿನ ಶಾಲೆ ಬಿಟ್ಟವನು. ಕಾಯಿ ಸುಲಿಯುವುದು, ಮೂಟೆ ಹೊರುವುದು, ದಾರಿಯುದ್ದಕ್ಕೂ ಬಾಯಿ ಮುಚ್ಚದೆ ಮಾತಾಡುವುದು ಅವನ ಕಸುಬು. ಮುಂದೆ ಕೂರೋ ಅಂದರೆ ಕೂರುತ್ತಿರಲಿಲ್ಲ. “ಒಳಗೆ ಕುಂತ್ರೆ ನಿನ್ ಮಾತು ಕೇಳಬೇಕಾಯ್ತದೆ ಕಣ್ಲಾ” ಅನ್ನುತ್ತಿದ್ದ.

ಹೋಗುವಾಗ ಕೊಬ್ಬರಿ. ಬರುವಾಗ ಊರೇ. ಸಿಮೆಂಟು, ಹಿಂಡಿ, ಕಬ್ಬಿಣದ ಪೆಟ್ಟಿಗೆ, ಆಸ್ಪತ್ರೆಯಿಂದ ಬಿಟ್ಟ ಬಾಣಂತಿ, ಅವಳ ತಾಯಿ, ತಾಯಿಯ ಕೈಲಿ ಕೋಳಿ. ಸಂತೆಗೆ ಹೋದವರೆಲ್ಲ ಬಸ್ಸು ಬಿಟ್ಟು ಬೆಟ್ಟಸ್ವಾಮಿಯ ಹಾರನ್ನಿಗೆ ಕಾಯುತ್ತಿದ್ದರು. ತುರುವೇಕೆರೆ ಕಡೆ ಮದುವೆ ಇದ್ದರೆ ಅಡಿಗೆಯ ಹಂಡೆ ಕೊಪ್ಪರಿಗೆ ಅವನ ಗಾಡಿಯಲ್ಲೇ ಹೋಗಬೇಕು. ಚಿಕ್ಕನಾಯಕನಹಳ್ಳಿ ಕಡೆಯಿಂದ ಸಂಬಂಧ ತಂದರೆ ಹೆಣ್ಣಿನ ಸಾಮಾನು ಅವನ ಗಾಡಿಯಲ್ಲೇ ಬರಬೇಕು. ಪಕ್ಕದ ಬೀದಿಯ ವನಜಾಕ್ಷಿ ಈ ಊರಿಗೆ ಸೊಸೆಯಾಗಿ ಬಂದದ್ದೂ ಹಾಗೆಯೇ. ಗಂಡನ ಕಡೆಯ ಕಾರು ಕಂದಿಕೆರೆ ಹತ್ತಿರ ಕೆಟ್ಟು ನಿಂತಾಗ, ಧಾರೆ ಸೀರೆಯಲ್ಲೇ ಪಾತ್ರೆ ಮೂಟೆಯ ಮೇಲೆ ಹತ್ತಿ ಕೂತು ಬಂದಿದ್ದಳು. ಬೆಟ್ಟಸ್ವಾಮಿ ಅವಳಿಗೆ ಹೆದರಿಕೆ ಆಗಬಾರದೆಂದು ಎರಡನೇ ಗೇರಿನಲ್ಲೇ ಓಡಿಸಿದ್ದ. ಅವಳು ಮೇಲಿನಿಂದ ತಗಡು ಬಡಿದು, “ಮಾವ, ನಾವು ಇವತ್ತೇ ಸೇರ್ತೀವಾ?” ಅಂತ ಕೇಳಿದ್ದಳು.

ಊರಿನ ಕೊನೆಯ ಬಸವನೂ ಅದೇ ಗಾಡಿಯಲ್ಲಿ ಹೋಗಿದ್ದು. ಹೋರಿಕರುವಿನ ತೊಡೆಗೆ ಮುದ್ರೆ ಒತ್ತಿ ದೇವರ ಹೆಸರಲ್ಲಿ ಬಿಟ್ಟುಬಿಡುವ ಪದ್ಧತಿ ಈ ಕಡೆ ಹಳೆಯದು. ಮುದ್ರೆ ಬಿದ್ದ ಮೇಲೆ ಅದಕ್ಕೆ ಒಡೆಯನಿಲ್ಲ. ಯಾರ ತೋಟದಲ್ಲಾದರೂ ಮೇಯಬಹುದು, ಯಾರ ಬಾಗಿಲಲ್ಲಾದರೂ ಮಲಗಬಹುದು. ಕಟ್ಟೆಪಾಳ್ಯದ ಬಸವ ಮುದಿಯಾಗಿ ಕೆರೆ ಏರಿಯ ಮೇಲೆ ಕಾಲು ಮಡಿಸಿ ಪ್ರಾಣ ಬಿಟ್ಟಾಗ ಊರಿನ ಗಂಡಸರೆಲ್ಲ ಸೇರಿ ಅದನ್ನು ಪಿಕಪ್ಪಿಗೆ ಹತ್ತಿಸಿದ್ದರು, ಬಸವಣ್ಣನ ಗುಡಿಯ ಹಿಂದೆ ಮಣ್ಣು ಮಾಡಿದ್ದರು. ಆಮೇಲೆ ಇನ್ನೊಂದು ಬಸವನನ್ನು ಯಾರೂ ಬಿಡಲಿಲ್ಲ. ಹೋರಿಗಳೇ ಇರಲಿಲ್ಲ, ಬಿಡುವುದೇನನ್ನು? ಡೈರಿಗೆ ಹಾಲು ಹಾಕುವ ಊರಿನಲ್ಲಿ ಗಂಡು ಕರು ಹುಟ್ಟಿದರೆ ಅದು ಮೂರನೇ ದಿನಕ್ಕೆ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ.

ಹೀಗಿದ್ದ ಗಾಡಿ ನಿಂತಿತು. ಕೆಟ್ಟು ನಿಂತದ್ದಲ್ಲ. ಬೆಟ್ಟಸ್ವಾಮಿಯ ಒಂದು ಕಣ್ಣು ಮಂಜಾಯಿತು. ಗಾಡಿಗೆ ಎಫ್‌ಸಿ ಮಾಡಿಸಲು, ಓಡಿಸಬಹುದು ಅನ್ನುವ ಸರ್ಟಿಫಿಕೇಟು ತರಲು ಹೋದರೆ, ಇದಕ್ಕೆ ವಯಸ್ಸಾಗಿದೆ, ಗುಜರಿಗೆ ಹಾಕಿ ಅಂದರು. ಹೊಗೆ ಉಗುಳುತ್ತಾ ರಸ್ತೆ ನುಂಗುವ ಜಲ್ಲಿ ಲಾರಿಗಳಿಗೆ ಇಲ್ಲದ ವಯಸ್ಸು ಬೆಟ್ಟಸ್ವಾಮಿಯ ಪಿಕಪ್ಪಿಗೆ ಮಾತ್ರ ಬಂದಿತ್ತು. ದುಡಿದದ್ದನ್ನೆಲ್ಲ ದುಡಿಸಿಕೊಂಡು ಕೊನೆಗೆ ‘ಕಬ್ಬಿಣ’ ಅಂತ ಕರೆಯುವುದು ಈ ಕಾಲದ ಮರ್ಯಾದೆ. ಮಗ ಜ್ಞಾನೇಶ್ ತೋಟ ನೋಡಿಕೊಂಡು ಮನೆಯಲ್ಲೇ ಇದ್ದ. ತನಗೊಂದು ಹೊಸ ಗಾಡಿ ತಂದುಕೊಂಡ, ಹಳೆಯದರ ಮಾತೆತ್ತಲಿಲ್ಲ. ಬೆಟ್ಟಸ್ವಾಮಿ ಪಿಕಪ್ಪನ್ನು ಅಟ್ಟದ ಕೆಳಗೆ ಹಿಮ್ಮುಖವಾಗಿ ನಿಲ್ಲಿಸಿದ. ವಾರಕ್ಕೊಮ್ಮೆ ಸ್ಟಾರ್ಟು ಮಾಡಿ, ಅದರ ಉಸಿರು ಕೇಳಿ, ಆಫ್ ಮಾಡುತ್ತಿದ್ದ. ಅಷ್ಟರಲ್ಲೇ ಅವನಿಗೆ ಸಮಾಧಾನ ಇತ್ತು.

ಸಮಾಧಾನ ಕೆಡಿಸಿದವರು ಕಳ್ಳರು.

ಮೊದಲು ಕಂದಿಕೆರೆ ಹತ್ತಿರ ಒಂದು ಹಳೇ ಪಿಕಪ್ಪು ಹೋಯಿತು. ಆಮೇಲೆ ಕೆಂಕೆರೆ ಕಡೆ ಇನ್ನೊಂದು. ಹೊಸ ಗಾಡಿ ಮುಟ್ಟಿದರೆ ಕಿರುಚಿಕೊಳ್ಳುತ್ತದೆ, ಫೋನಿಗೆ ಸುದ್ದಿ ಕೊಡುತ್ತದೆ. ಹಳೆಯದಕ್ಕೆ ಬಾಯಿಲ್ಲ. ಯಾವ ಕೀಲಿ ತೂರಿಸಿದರೂ ತಿರುಗುತ್ತದೆ. ತಿರುಗದಿದ್ದರೂ ಚಿಂತೆಯಿಲ್ಲ, ಇನ್ನೊಂದು ಗಾಡಿಗೆ ಕಟ್ಟಿ ಎಳೆದುಕೊಂಡು ಹೋಗಿ ಬೆಳಗಾಗುವುದರೊಳಗೆ ತುಂಡು ಮಾಡಿದರೆ ಗುರುತೇ ಇಲ್ಲ. ಕೆಂಕೆರೆಯ ಗಾಡಿಯವನು ಠಾಣೆಗೆ ದೂರು ಕೊಡಲು ಹೋದಾಗ, “ಓಡ್ತಿತ್ತೇನ್ರೀ ಅದು?” ಅಂತ ಕೇಳಿದರಂತೆ. “ಇಲ್ಲ ಸ್ವಾಮಿ, ನಿಂತಿತ್ತು.” “ನಿಂತಿದ್ದ ಗಾಡಿ ಹೆಂಗ್ರೀ ಹೋಯ್ತದೆ?” ದೂರು ಅಲ್ಲಿಗೇ ಮುಗಿಯಿತು. ಗಾಡಿಯ ಜೊತೆಗೆ ಅವನ ಮಾತಿನ ಬೆಲೆಯೂ ಹೋಯಿತು.

ಈ ಸುದ್ದಿ ಕೇಳಿದ ದಿನದಿಂದ ಬೆಟ್ಟಸ್ವಾಮಿ ಮನುಷ್ಯನಾಗಿ ಉಳಿಯಲಿಲ್ಲ. ಬ್ಯಾಟರಿ ಬಿಚ್ಚಿ ತಂದು ಮಂಚದ ಕೆಳಗೆ ಇಟ್ಟ. ಸ್ಟೇರಿಂಗಿಗೆ ಸರಪಳಿ ಸುತ್ತಿ ಬೀಗ ಹಾಕಿದ. ಡೀಸೆಲ್ ಹೋಗುವ ಕೊಳವೆಗೆ ಯಾರಿಗೂ ಕಾಣದಂತೆ ಡೀಸೆಲ್ ತಡೆಯುವ ಒಂದು ತಿರುಪು ಕೂರಿಸಿದ. ಅದೂ ಸಾಲದೆಂದು ಮುಂದಿನ ಎರಡು ಗಾಲಿ ಬಿಚ್ಚಿ, ಗಾಡಿಯನ್ನು ಕಲ್ಲಿನ ಮೇಲೆ ಕೂರಿಸಿ, ಬಾವಿಯ ಹಳೇ ಸರಪಳಿಯಿಂದ ಅಟ್ಟದ ಕಂಬಕ್ಕೆ ಕಟ್ಟಿದ. ಗಾಲಿಗಳು ದೇವರ ಕೋಣೆ ಪಕ್ಕಕ್ಕೆ ಬಂದವು.

ಹೆಂಡತಿ ಶಾಂತಕುಮಾರಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ರೀ, ನಲವತ್ತು ವರ್ಷ ಸಂಸಾರ ಮಾಡಿದೀನಿ. ನನ್ನ ಒಂದ್ ದಿನನಾದ್ರೂ ಇಷ್ಟು ಜೋಪಾನ ಮಾಡಿದ್ರಾ?”

“ನಿನ್ನ ಯಾರು ಕದ್ದುಕೊಂಡ್ ಹೋಯ್ತಾರೆ ಬುಡು.”

“ಅದೇ ಅನ್ಕೊಂಡು ಧೈರ್ಯವಾಗಿದೀರ.” ಅವಳು ಒಳಗೆ ಹೋಗುತ್ತಾ ಹೇಳಿದಳು, “ಆ ಬ್ಯಾಟರಿ ನೀರು ನನ್ನ ಚಾಪೆ ಸುಟ್ಟೈತೆ. ನಾಳೆ ಇಂಜಿನ್ನು ಬಿಚ್ಚಿ ಅಡಿಗೆ ಮನೆಗೆ ತಂದಿಡಿ, ಒಲೆ ಪಕ್ಕ ಬೆಚ್ಚಗಿರ್ತದೆ.”

ಒಂದು ಬೆಳಿಗ್ಗೆ ಹಾಲು ಕರೆಯಲು ಎದ್ದ ಶಾಂತಕುಮಾರಿಯೇ ಕೂಗಿದಳು. ಬೆಟ್ಟಸ್ವಾಮಿ ಓಡಿ ಬಂದ. ಬಾವಿ ಸರಪಳಿಯ ಒಂದು ಕೊಂಡಿಯನ್ನು ಗರಗಸದಿಂದ ಅರ್ಧ ಕುಯ್ದಿದ್ದರು. ನೆಲದ ಮೇಲೆ ಕಬ್ಬಿಣದ ಪುಡಿ ಹಸಿಯಾಗಿ ಹೊಳೆಯುತ್ತಿತ್ತು. ನಾಯಿ ಬೊಗಳಿರಬೇಕು, ಅರ್ಧಕ್ಕೇ ಬಿಟ್ಟು ಹೋಗಿದ್ದರು. ಮಿಕ್ಕರ್ಧಕ್ಕೆ ಬಂದೇ ಬರುತ್ತಾರೆ ಅನ್ನುವುದು ಬೆಟ್ಟಸ್ವಾಮಿಗೆ ಖಾತ್ರಿಯಾಯಿತು. ಅವನು ಆ ಪುಡಿಯನ್ನು ಬೆರಳಿಂದ ಮುಟ್ಟಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಯಾರೋ ತನ್ನ ಕಾಲನ್ನೇ ಕುಯ್ದು ಅರ್ಧಕ್ಕೆ ನಿಲ್ಲಿಸಿದಂತೆ.

ಮಧ್ಯಾಹ್ನ ಬೋರಯ್ಯ ಬಂದ. ಸರಪಳಿ ನೋಡಿದ. ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಕುಯ್ದ ಕೊಂಡಿಯನ್ನು ಬೆರಳಿಂದ ತಡವಿದ. 

“ಲೇ ಬೆಟ್ಟ,” ಬೋರಯ್ಯ ಅಂದ, “ನಮ್ಮೂರ ಬಸವನ್ನ ಯಾವಾಗ್ಲಾದ್ರೂ ಯಾರಾದ್ರೂ ಕದ್ದಿದ್ರಾ?”

“ದೇವರ ಬಸವನ್ನ ಯಾರ್ಲಾ ಕದೀತಾರೆ?”

“ಹಗ್ಗ ಇತ್ತಾ? ಬೀಗ ಇತ್ತಾ?”

“ಇಲ್ಲ.”

“ಏನಿತ್ತು?”

“ಮುದ್ರೆ ಇತ್ತು.”

“ಇದಕ್ಕೂ ಒತ್ತು.”

ಬೆಟ್ಟಸ್ವಾಮಿ ನಕ್ಕ. ಬೋರಯ್ಯನೂ ನಕ್ಕ. ನಗು ಮುಗಿದ ಮೇಲೆ ಇಬ್ಬರೂ ಗಾಡಿಯ ಕಡೆ ನೋಡಿದರು. ಕಳ್ಳ ಅಂದರೆ ಆಕಾಶದಿಂದ ಇಳಿದವನಲ್ಲ. ಇದೇ ಸುತ್ತಿನವನು, ಇದೇ ದೇವರಿಗೆ ಕೈ ಮುಗಿಯುವವನು. ಠಾಣೆಗೆ ಹೆದರದವನೂ ಮುದ್ರೆಗೆ ಹೆದರುತ್ತಾನೆ.

ಮುಂದಿನ ಸೋಮವಾರ ಬೆಟ್ಟಸ್ವಾಮಿ ಕೆಮ್ಮಣ್ಣು ಕಲಸಿ, ಬಸವನ ತೊಡೆಯ ಮೇಲೆ ಇದ್ದಂಥದ್ದೇ ಲಿಂಗಮುದ್ರೆಯನ್ನು ಪಿಕಪ್ಪಿನ ಎರಡೂ ಬಾಗಿಲ ಮೇಲೆ ಬರೆದ. ಮೂತಿಗೆ ವಿಭೂತಿ ಬಳಿದ. ಕಾಯಿ ಒಡೆದ. ಬೋರಯ್ಯ ಊರಿನ ಹೋಟೆಲಿನಲ್ಲಿ, ಡೈರಿಯಲ್ಲಿ, ಕಾಯಿ ಸುಲಿಯುವ ಕಡೆಗಳಲ್ಲೆಲ್ಲ ಸಾರಿದ: “ಬೆಟ್ಟ ಗಾಡೀನ ಬಸವಣ್ಣಂಗೆ ಬಿಟ್ಬುಟ್ಟ.” ಗುಡಿಯ ಮುಂದೆ ಹಾದು ಹೋಗುವಾಗ ಬೆಟ್ಟಸ್ವಾಮಿ ಒಳಗೆ ನೋಡದೆ ಕೈ ಮುಗಿದ. ಅವನ ಲೆಕ್ಕದಲ್ಲಿ ದೇವರಿಗೆ ಗಾಡಿ ಕೊಟ್ಟದ್ದಲ್ಲ, ದೇವರ ಹೆಸರನ್ನು ಎರವಲು ತಂದದ್ದು. ಕೆಲಸ ಮುಗಿದ ಮೇಲೆ ಹಿಂದಿರುಗಿಸಿದರಾಯಿತು.

ಮುದ್ರೆ ಕೆಲಸ ಮಾಡಿತು. ಸರಪಳಿಯನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಪಕ್ಕದ ತೋಟದ ಅಟ್ಟದಿಂದ ಕೊಬ್ಬರಿ ಹೋಯಿತು, ಇನ್ನೊಂದು ಕಡೆಯ ತೋಟದಲ್ಲಿ ಪಂಪುಸೆಟ್ಟಿನ ತಂತಿ ಹೋಯಿತು, ನಡುವೆ ನಿಂತ ಪಿಕಪ್ಪಿನ ಗಾಜಿನ ಮೇಲಿನ ಧೂಳು ಕೂಡ ಕದಲಲಿಲ್ಲ. ಆದರೆ ಮುದ್ರೆ ಬರೀ ಕಳ್ಳರಿಗೆ ಕಾಣಿಸುವುದಿಲ್ಲವಲ್ಲ. ಡೈರಿಗೆ ಹೋಗುವ ಹೆಂಗಸರು ಬಂಪರು ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. ಯಾರೋ ವೈಪರಿಗೆ ಹೂವು ಸಿಕ್ಕಿಸಿದರು. ಯಾರೋ ಕನ್ನಡಿಗೆ ಅರಿಶಿನದ ದಾರ ಕಟ್ಟಿದರು. ಬೆಟ್ಟಸ್ವಾಮಿ ಎಂದಿನಂತೆ ಒಳಗೆ ಹತ್ತಿ ಕೂರಲು ಹೋದಾಗ ವನಜಾಕ್ಷಿ ಹಾಲಿನ ಕ್ಯಾನು ಕೆಳಗಿಟ್ಟು ಗದರಿದಳು.

“ಮಾವ! ಮೆಟ್ಟು ಬಿಟ್ಟು ಹತ್ತಿ.”

“ನನ್ ಗಾಡಿ ಕಣವ್ವ.”

“ನಿಮ್ದೇನೈತೆ ಇನ್ನ? ಬಿಟ್ಬುಟ್ರಲ್ಲ.”

ಬೆಟ್ಟಸ್ವಾಮಿ ಚಪ್ಪಲಿ ಬಿಟ್ಟ. ಬರಿಗಾಲಿಗೆ ಕ್ಲಚ್ಚು ತಣ್ಣಗೆ ತಗುಲಿತು. ತನ್ನ ಮನೆಗೆ ತಾನೇ ನೆಂಟನಾಗಿ ಬಂದ ಹಾಗೆ ಅನ್ನಿಸಿತು.

ಇಷ್ಟಾಗಿದ್ದರೆ ತೊಂದರೆ ಇರಲಿಲ್ಲ. ಒಂದು ಬೆಳಿಗ್ಗೆ ಭೀಮರಾಜು ಹಾರ ಹಿಡಿದುಕೊಂಡು ಬಂದ. ಭೀಮರಾಜು ಮಾಜಿ ಪಂಚಾಯ್ತಿ ಮೆಂಬರು, ಬಸವಣ್ಣನ ಗುಡಿ ಸಮಿತಿಯ ಅಧ್ಯಕ್ಷ, ಮುಂದಿನ ಸಲವೂ ನಿಲ್ಲುವವನು. ಹಾರವನ್ನು ಪಿಕಪ್ಪಿನ ಮೂತಿಗೆ ಹಾಕಿ, ಕೈ ಮುಗಿದು, ಗಾಡಿಗೆ ಒಂದು ಸುತ್ತು ಬಂದ. ಮುದಿ ಎಮ್ಮೆಯ ಸೊಂಟ ನೋಡುವ ಕಣ್ಣಲ್ಲಿ ಗಾಡಿಯ ಅಡಿಯನ್ನೂ ಬಗ್ಗಿ ನೋಡಿದ.

“ಸ್ವಾಮಣ್ಣ, ದೊಡ್ಡ ಮನಸ್ಸು ಕಣಣ್ಣ ನಿಂದು. ದೇವರ ಆಸ್ತಿ ಹಿಂಗೆ ತುಕ್ಕು ಹಿಡೀಬಾರ್ದು. ಸಮಿತಿಯಿಂದ ಗುಜರಿಗೆ ಹಾಕಿ, ಬಂದದ್ರಲ್ಲಿ ಗುಡಿ ಮುಂದೆ ಒಂದು ಕಮಾನು ಎಬ್ಬಿಸಾನ. ಸೋಮವಾರ ಪೂಜೆ ಆದ್ಮೇಲೆ ಎಲ್ಲರ ಮುಂದೆ ಒಂದ್ ಮಾತು ಹೇಳ್ಬುಡು.”

ಕಮಾನಿನ ಮೇಲೆ ಯಾರ ಹೆಸರು ಇರುತ್ತದೆಂದು ಬೆಟ್ಟಸ್ವಾಮಿ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಕತ್ತಲಲ್ಲಿ ಬಂದವರು ಗರಗಸ ತಂದಿದ್ದರು, ಬೆಳಕಲ್ಲಿ ಬಂದವನು ಹಾರ ತಂದಿದ್ದ. ಇಬ್ಬರಿಗೂ ಬೇಕಾಗಿದ್ದದ್ದು ಅದೇ ಕಬ್ಬಿಣ. ಮೊದಲಿನವರಿಗೆ ಕಳ್ಳರು ಅನ್ನಬಹುದು. ಎರಡನೆಯವರಿಗೆ ಈ ದೇಶದಲ್ಲಿ ಇನ್ನೂ ಸರಿಯಾದ ಹೆಸರು ಇಟ್ಟಿಲ್ಲ.

ಊಟಕ್ಕೆ ಕೂತ ಬೆಟ್ಟಸ್ವಾಮಿ ಭೀಮರಾಜು ಅಂದದ್ದನ್ನು ಹೆಂಡತಿಗೆ ಹೇಳಿದ.

“ನಂದು ಅಂತ ಹೇಳ್ಬುಡಿ,” ಶಾಂತಕುಮಾರಿ ಅಂದಳು. “ಕಳ್ಳರ ಭಯಕ್ಕೆ ಬರ್ಕೊಂಡಿದ್ದೆ ಅನ್ನಿ. ಯಾರೇನು ತಲೆ ತೆಗೀತಾರಾ?”

“ದೇವರ ಹೆಸರಲ್ಲಿ ಸುಳ್ಳು ಹೇಳ್ದ ಅಂತಾರೆ.”

“ಹೇಳಿದೀರಲ್ಲ.”

“ಹೇಳಿದೀನಿ ಕಣೇ. ಹಂಗಂತ ಊರ ಮುಂದೆ ಹೇಳೋಕಾಯ್ತದಾ? ಹೇಳಿದ ಮಾರನೇ ದಿನ ಸರಪಳಿ ಮಿಕ್ಕರ್ಧ ಕುಯ್ಯಕ್ಕೆ ಬತ್ತಾರೆ.”

“ದೇವರದು ಅಂದ್ರೆ ಭೀಮರಾಜು ಕುಯ್ಯಿಸ್ತಾನೆ. ನಂದು ಅಂದ್ರೆ ಕಳ್ಳರು ಕುಯ್ತಾರೆ.” ಶಾಂತಕುಮಾರಿ ತಟ್ಟೆಗೆ ಸಾರು ಬಡಿಸಿದಳು. ಅವಳ ದನಿ ತಗ್ಗಿತು. “ನಿಮ್ಗೆ ಅದು ಉಳೀಬೇಕಾ, ನಿಮ್ದಾಗಿರಬೇಕಾ? ಒಂದನ್ನ ಗಟ್ಟಿ ಮಾಡ್ಕೊಳಿ.”

ಅವಳು ಯಾವ ಜಗಳದಲ್ಲೂ ಇಷ್ಟು ಮೆತ್ತಗೆ ಮಾತಾಡಿದವಳಲ್ಲ. ಬೆಟ್ಟಸ್ವಾಮಿ ತಲೆಯೆತ್ತಿ ನೋಡಿದ. ಅವಳು ಆಗಲೇ ಪಾತ್ರೆ ಎತ್ತಿಕೊಂಡು ಹೋಗಿದ್ದಳು.

ಸೋಮವಾರ ಸಂಜೆ ಗುಡಿಯ ಕಟ್ಟೆಯ ಮೇಲೆ ಊರಿನ ಮುಕ್ಕಾಲು ಪಾಲು ಸೇರಿತ್ತು. ಮಂಗಳಾರತಿ ಆಯಿತು. ಭೀಮರಾಜು ಗಂಟಲು ಸರಿಮಾಡಿಕೊಂಡು ಕಮಾನಿನ ವಿಷಯ ಎತ್ತಿದ. ಎರಡೂ ಕಡೆ ಆನೆ, ನಡುವೆ ನಂದಿ, ಕೆಳಗೆ ದಾನಿಗಳ ಹೆಸರು. ಆಮೇಲೆ, “ಸ್ವಾಮಣ್ಣನೇ ಒಂದ್ ಮಾತು ಹೇಳ್ಲಿ” ಅಂದ.

ಬೆಟ್ಟಸ್ವಾಮಿ ಎದ್ದು ನಿಂತ.  ಅಷ್ಟರಲ್ಲಿ ಹೆಂಗಸರ ಕಡೆಯಿಂದ ವನಜಾಕ್ಷಿ ಕೇಳಿದಳು.

“ಭೀಮಣ್ಣ, ನಂಗೊಂದು ಅನುಮಾನ. ಮುಂಚೆ ಇದ್ದ ಬಸವನ್ನ ಸಮಿತಿಯೋರು ಯಾವಾಗ್ಲಾದ್ರೂ ಮಾರಿದ್ರಾ?”

“ಅದು ಜೀವ ಇರೋ ಪ್ರಾಣಿ ಕಣಮ್ಮ. ಇದು ಕಬ್ಬಿಣ.”

“ಒಳಗಿರೋ ಬಸವಣ್ಣ ಕಲ್ಲು. ಅದನ್ನೂ ಜಲ್ಲಿಗೆ ಹಾಕ್ತೀರಾ?”

ಕಟ್ಟೆಯ ತುಂಬ ನಗು ಎದ್ದಿತು. ಪೂಜೆಯ ಅಯ್ಯನೋರು ನಗಲು ಹೋಗಿ ಕೆಮ್ಮಿದರು. ಬೋರಯ್ಯ ಹಿಂದಿನಿಂದ ಕೂಗಿದ, “ಮುದ್ರೆ ಬಿದ್ದ ಬಸವನ್ನ ಕಡಿಯೋಕೆ ಕೊಟ್ಟ ಊರು ಅಂತ ನೊಣವಿನಕೆರೆವರೆಗೂ ಹೆಸರಾಯ್ತದೆ ಕಣಪ್ಪ. ಕಮಾನಿನ ಮೇಲೆ ಅದನ್ನೇ ಬರೆಸು.”

“ನಿಮ್ಮನೇನು ಕೇಳೋದು, ಅಯ್ಯನೋರು ಹೇಳ್ಲಿ,” ಭೀಮರಾಜು ಸಿಡುಕಿದ.

ಅಯ್ಯನೋರು ವಿಭೂತಿ ಗಟ್ಟಿಯನ್ನು ಕೈಯಲ್ಲೇ ತಿರುಗಿಸುತ್ತಾ ನಿಧಾನಕ್ಕೆ ಹೇಳಿದರು. “ಬಿಟ್ಟ ಬಸವ ಯಾರ ಆಸ್ತಿನೂ ಅಲ್ಲ. ಬಿಟ್ಟೋನಿಗೂ ಸೇರಲ್ಲ, ಸಮಿತಿಗೂ ಸೇರಲ್ಲ. ಮಾರಂಗಿಲ್ಲ, ದುಡಿಸಂಗಿಲ್ಲ. ಅದು ಹಿಂದಿನಿಂದ ಬಂದದ್ದು. ನಾನು ಮಾಡಿದ್ದಲ್ಲ.”

ಬೆಟ್ಟಸ್ವಾಮಿಯ ಎದೆ ಹಗುರಾಯಿತು. ಅದು ಒಂದು ಕ್ಷಣ ಮಾತ್ರ. ಭೀಮರಾಜು ಸುಮ್ಮನೆ ಗೆಲುವು ಬಿಟ್ಟುಕೊಡುವವನಲ್ಲ. ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಊರಿನ ಕಡೆ ತಿರುಗಿದ.

“ಸರಿ ಕಣ್ರೀ. ಬಸವ ಅಂತೀರಾ, ಬಸವನೇ ಆಗ್ಲಿ. ದೇವರಿಗೆ ಬಿಟ್ಟ ಬಸವನ್ನ ಕಟ್ಟಾಕ್ಬೋದಾ? ಈ ಸ್ವಾಮಣ್ಣ ಸರಪಳಿ ಹಾಕವ್ನೆ, ಬೀಗ ಹಾಕವ್ನೆ, ಕಾಲೇ ಬಿಚ್ಚಿ ಮನೆಯೊಳಗೆ ಇಟ್ಕೊಂಡವ್ನೆ. ಇದು ಬಿಟ್ಟಿರೋದಾ, ಬಚ್ಚಿಟ್ಟಿರೋದಾ? ಬಸವ ಆದ್ರೆ ಬಿಚ್ಚಿ ಬಿಡ್ಲಿ, ಬೀಗ ಇಲ್ದೆ ಊರಾಗಿರ್ಲಿ. ಇಲ್ಲಾ, ದೇವರ ಹೆಸರಲ್ಲಿ ಸುಳ್ಳು ಹೇಳ್ದೆ ಅಂತ ಇಲ್ಲೇ ಒಪ್ಕೊಳ್ಲಿ.”

ನಗು ನಿಂತಿತು.  ಭೀಮರಾಜು ಕೆಟ್ಟವನಾದರೂ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಬೆಟ್ಟಸ್ವಾಮಿಯನ್ನು ಸುಟ್ಟದ್ದು. ಅವನು ಶಾಂತಕುಮಾರಿಯ ಕಡೆ ನೋಡಿದ. ಅವಳು ಹುಬ್ಬು ಕೂಡ ಅಲ್ಲಾಡಿಸಲಿಲ್ಲ, ಕೇಳಬೇಕಾದ್ದನ್ನು ಮನೆಯಲ್ಲೇ ಕೇಳಿ ಮುಗಿಸಿದ್ದಳು.

ಬೆಟ್ಟಸ್ವಾಮಿಗೆ ಒಂದೇ ಸಲಕ್ಕೆ ಏನೇನೋ ನೆನಪಾಯಿತು. ಹೊಸ ಗಾಡಿ ತಂದ ದಿನ ನೊಣವಿನಕೆರೆಯಿಂದ ಊರವರೆಗೂ ಹಾರನ್ ಒತ್ತಿಕೊಂಡೇ ಬಂದದ್ದು. ಅಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಬಿಸಿ ತಾಗಿ, “ಜ್ವರ ಬಂದೈತೇನ್ಲಾ ಇದಕ್ಕೆ?” ಅಂದದ್ದು. ‘ನಂದು’ ಅನ್ನುವ ಮಾತನ್ನು ಬೆಟ್ಟಸ್ವಾಮಿ ಬದುಕಿನಲ್ಲಿ ಹೆಚ್ಚು ವಸ್ತುಗಳಿಗೆ ಹೇಳಿರಲಿಲ್ಲ. ತೋಟ ಅಪ್ಪನದು, ಮನೆ ತಾತನದು. ಅವನು ತಾನೇ ದುಡಿದು, ತಾನೇ ಆರಿಸಿ ತಂದದ್ದು ಇದೊಂದೇ.

“ಬಿಡ್ತೀನಿ,” ಬೆಟ್ಟಸ್ವಾಮಿ ಅಂದ.

“ಏನಂದೆ ಸ್ವಾಮಣ್ಣ? ಗಟ್ಟಿಯಾಗೇಳು.”

“ಬಿಡ್ತೀನಿ ಅಂದೆ ಕಣಪ್ಪ. ಸರಪಳಿ ಬಿಚ್ತೀನಿ. ಬೀಗ ಹಾಕಲ್ಲ.” ಅವನು ಈ ಸಲ ಗುಡಿಯ ಒಳಗೆ ನೋಡಿದ. “ಅದು ನಂದಲ್ಲ.”

ಗುರುವಾರ ಬೆಳಿಗ್ಗೆ ಬೋರಯ್ಯ, ಜ್ಞಾನೇಶ್ ಇಬ್ಬರೂ ಸೇರಿ ಗಾಲಿ ಕೂರಿಸಿದರು. ಬ್ಯಾಟರಿ ಮಂಚದ ಕೆಳಗಿನಿಂದ ಹೊರಗೆ ಬಂತು. ಬೆಟ್ಟಸ್ವಾಮಿ ಸ್ಟೇರಿಂಗಿನ ಬೀಗ ತೆಗೆದು, ಡೀಸೆಲ್ ಕೊಳವೆಯ ತಿರುಪು ತೆರೆದು, ಬಾವಿ ಸರಪಳಿ ಬಿಚ್ಚಿ ಮೂಲೆಗೆಸೆದ. ಚಪ್ಪಲಿ ಬಿಟ್ಟು ಹತ್ತಿದ. ಹೀಟರಿನ ದೀಪ ಕೆಂಪಗಾಗುವವರೆಗೆ ಕಾದು ಕೀಲಿ ತಿರುಗಿಸಿದ. ಎರಡು ಸಲ ಕೆಮ್ಮಿತು. ಮೂರನೇ ಸಲಕ್ಕೆ ಅಟ್ಟದ ತುಂಬ ಕಪ್ಪು ಹೊಗೆ ತುಂಬಿ, ಮೇಲಿನ ಒಣಗಾಯಿಗಳೆಲ್ಲ ಒಂದಕ್ಕೊಂದು ತಾಗಿ ಗುಡುಗುಡು ಅಂದವು. ಶಾಂತಕುಮಾರಿ ಸೆರಗು ಮೂಗಿಗೆ ಒತ್ತಿಕೊಂಡು ಹೊರಗೆ ನಿಂತಿದ್ದಳು. ಕಣ್ಣಲ್ಲಿ ನೀರಿತ್ತು. ಹೊಗೆಗೆ ಅಂದಳು.

ರಸ್ತೆಗೆ ಹೋಗುವಂತಿಲ್ಲ. ಊರೊಳಗೇ ಒಂದು ಸುತ್ತು. ಮೂಟೆಯಿಲ್ಲ, ಬಾಡಿಗೆಯಿಲ್ಲ, ಹೋಗಬೇಕಾದ ಊರಿಲ್ಲ. ಇಷ್ಟು ವರ್ಷ ಭಾರ ಹೊತ್ತೇ ಓಡಿದ ಗಾಡಿ ಬರಿಮೈಯಲ್ಲಿ ಕರುವಿನ ಹಾಗೆ ಕುಣಿಯಿತು. ಬೋರಯ್ಯ ಹಿಂದೆ ಹತ್ತಿ ನಿಂತ. ಭಾರ ಹಾಕಬಾರದು ಕಣ್ಲಾ ಅಂದರೆ, “ನಾನು ಭಾರ ಅಲ್ಲ, ನೊಣ” ಅಂದ. ಬೀದಿಯ ಎರಡೂ ಕಡೆ ಜನ ಬಾಗಿಲಿಗೆ ಬಂದರು. ಅವರ ಮುಖಗಳಲ್ಲಿ ಭಕ್ತಿಯಿತ್ತೋ ಇಲ್ಲವೋ, ನೆನಪಂತೂ ಇತ್ತು. ಒಬ್ಬಳು ಬೊಟ್ಟು ಮಾಡಿ ಸೊಸೆಗೆ ಹೇಳುತ್ತಿದ್ದಳು, “ನಿನ್ ಗಂಡ ಹುಟ್ಟಿದಾಗ ಆಸ್ಪತ್ರೆಯಿಂದ ಇದ್ರಾಗೇ ಬಂದಿದ್ದು ಕಣೇ.” ವನಜಾಕ್ಷಿ ಕೈ ತೊಳೆದುಕೊಂಡು ಬಂದು ತಗಡು ಬಡಿದಳು, “ಮಾವ, ಇವತ್ತೂ ಎರಡನೇ ಗೇರೇನಾ?” ಬೆಟ್ಟಸ್ವಾಮಿ ನಗುತ್ತಾ ಗೇರು ಬದಲಿಸಿದ. ಅವನ ಮಂಜುಗಣ್ಣಿಗೂ ಆ ಬೀದಿಯ ಪ್ರತಿ ಕಲ್ಲು ಕಾಣುತ್ತಿತ್ತು.

ಭೀಮರಾಜುವಿನ ಮನೆಯ ಗೇಟಿನ ಮುಂದೆ ಬಂದಾಗ ಇಂಜಿನ್ನು ಒಂದು ಸಲ ಬಿಕ್ಕಿ, ನಿಂತುಹೋಯಿತು.

ಇದರಲ್ಲಿ ಬೆಟ್ಟಸ್ವಾಮಿಯ ಕೈವಾಡ ಏನೂ ಇರಲಿಲ್ಲ. ಡೀಸೆಲ್ ಮುಗಿದಿತ್ತು. ಗೇಟಿನೊಳಗೆ ಭೀಮರಾಜು ಇಸ್ತ್ರಿ ಅಂಗಿ ಹಾಕಿಕೊಂಡು ಕಾರಿನಲ್ಲಿ ಕೂತು, ತಿಪಟೂರಿಗೆ ಹೊರಟಿದ್ದ. ಹಾರನ್ ಹೊಡೆದ. ಮತ್ತೆ ಹೊಡೆದ. ಇಳಿದು ಬಂದ.

“ಸ್ವಾಮಣ್ಣ, ತೆಗಿ ಗಾಡಿ. ಮೀಟಿಂಗೈತೆ.”

ಬೆಟ್ಟಸ್ವಾಮಿ ಕೆಳಗಿಳಿದು ಬಾನೆಟ್ಟಿಗೆ ಕೈ ಮುಗಿದ. “ಮಲಗೈತೆ ಕಣಪ್ಪ.”

“ಹಿಂದಕ್ಕೆ ತಳ್ಳಿಸು.”

“ಬಸವ ಮಲಗಿದ್ರೆ ತಳ್ಳಬೋದಾ? ನಂಗೊತ್ತಿಲ್ಲಪ್ಪ. ಗೊತ್ತಿರೋನು ನೀನು. ಸೋಮವಾರ ಎಲ್ಲಾ ಹೇಳ್ದಲ್ಲ.”

ಹಿಂದೆ ಬೋರಯ್ಯನ ನಗು ತಗಡಿಗೆ ಬಡಿದು ಎರಡಾಯಿತು. ಅಷ್ಟರಲ್ಲಿ ಒಳಗಿನಿಂದ ಭೀಮರಾಜುವಿನ ತಾಯಿ ಚಿಕ್ಕಗೌರಮ್ಮ ಚೊಂಬಿನಲ್ಲಿ ನೀರು, ಚಿಟಿಕೆ ಅರಿಶಿನ ಹಿಡಿದು ಬಂದಳು. ಬೆನ್ನು ಬಾಗಿದ ಮುದುಕಿ. ಅವಳಿಗೆ ಸಮಿತಿಯೂ ಗೊತ್ತಿಲ್ಲ, ಕಮಾನೂ ಗೊತ್ತಿಲ್ಲ. ಗಾಲಿಗೆ ನೀರು ಹಾಕಿ, ಮುದ್ರೆಯ ಮೇಲೆ ಅರಿಶಿನ ಹಚ್ಚಿದಳು.

“ಎಬ್ಬಿಸಬ್ಯಾಡ ಕಣ್ಲಾ ರಾಜು. ಬಾಗಿಲಿಗೆ ಬಂದು ಮಲಗೈತೆ, ಎಷ್ಟು ವರ್ಷಕ್ಕೆ! ಮೇವು ಇಕ್ಕು.”

“ಅವ್ವ, ಅದು ಡೀಸೆಲ್ ಕುಡಿಯೋದು ಕಣವ್ವ!”

“ಅದೇನ್ ಕುಡೀತದೋ ಅದನ್ನೇ ಇಕ್ಕು. ಹುಲ್ಲು ತಿನ್ನು ಅಂತ ನಾನಂದ್ನಾ?”

ಬೀದಿಯಲ್ಲಿ ಜನ ಸೇರತೊಡಗಿದ್ದರು. ಭೀಮರಾಜು ಸುತ್ತ ನೋಡಿದ. ಮತ ಹಾಕುವ ಮುಖಗಳೆಲ್ಲ ಅಲ್ಲೇ ಇದ್ದವು. ಅವನು ಹಲ್ಲು ಕಚ್ಚಿಕೊಂಡು ಕೊಟ್ಟಿಗೆಗೆ ಹೋಗಿ ತನ್ನ ಟ್ರಾಕ್ಟರಿನ ಡೀಸೆಲ್ ಕ್ಯಾನು ತಂದ. ತಾನೇ ಸುರಿದ. ಅರ್ಧ ಅವನ ಇಸ್ತ್ರಿ ಅಂಗಿಯ ತೋಳಿಗೇ ಹೋಯಿತು.

“ಆಯ್ತಲ್ಲ, ತೆಗಿ ಇನ್ನ.”

“ಆಗಲಿಲ್ಲ ಕಣಪ್ಪ. ಖಾಲಿಯಾಗಿ ನಿಂತದ್ದಲ್ವಾ, ಕೊಳವೇಲಿ ಗಾಳಿ ಸೇರ್ಕೊಂಡೈತೆ. ಗಾಳಿ ತೆಗೆಯೋವರೆಗೂ ಏಳಲ್ಲ.” ಬೆಟ್ಟಸ್ವಾಮಿ ಬಾನೆಟ್ಟು ಎತ್ತಿದ. ಸ್ಪ್ಯಾನರಿನಿಂದ ಗಾಳಿ ಬಿಡುವ ತಿರುಪು ಸಡಿಲಿಸಿ, ಪಕ್ಕದ ಕೈಪಂಪನ್ನು ತೋರಿಸಿದ. “ನಾನು ಇದನ್ನ ಹಿಡ್ಕೊಂಡಿರ್ತೀನಿ. ನೀನು ಅದನ್ನ ಒತ್ತು.”

ಭೀಮರಾಜು ಬಗ್ಗಿದ. ಒತ್ತಿದ. ತಿರುಪಿನ ಸಂದಿಯಿಂದ ನೊರೆ ಬುಸುಗುಟ್ಟಿತು.

“ಇನ್ನ ಒತ್ತು.”

ಒತ್ತಿದ. ಚಿಕ್ಕಗೌರಮ್ಮ ಪಕ್ಕದಲ್ಲಿ ನಿಂತು, “ಮೆತ್ತಗೆ ಕಣ್ಲಾ, ದೇವರದು” ಅಂದಳು. ಜನರ ನಡುವಿನಿಂದ ಯಾರೋ ಕಿಸಕ್ಕೆಂದರು. ಭೀಮರಾಜುವಿನ ಹಣೆಯ ಬೆವರು ಮೂಗಿನ ತುದಿಗೆ ಇಳಿದು, ಇಂಜಿನ್ನಿನ ಮೇಲೆ ಬಿತ್ತು. ನೊರೆ ಕಡಿಮೆಯಾಗುತ್ತಾ ಬಂದು, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ತೆಳ್ಳಗೆ, ಹೊಳೆಯುತ್ತಾ ಇಳಿಯಿತು. ಅವನು ಸೊಂಟ ಹಿಡಿದುಕೊಂಡು ಮೇಲೆದ್ದ.

“ಸಾಕಾ ಸ್ವಾಮಣ್ಣ?”

ಬೆಟ್ಟಸ್ವಾಮಿ ತಿರುಪು ಬಿಗಿ ಮಾಡುತ್ತಾ, ತಲೆಯೆತ್ತದೆ ಹೇಳಿದ. “ನನ್ನೇನ್ ಕೇಳ್ತೀಯ ಕಣಪ್ಪ. ಅದನ್ನೇ ಕೇಳು.”